ರಿಜೆಕ್ಟ್ ಭಾವನ ಲೇತು

ನಮ್ಮ ಭಾವನನ್ನು ಮೊದಲ ಸಲ ನೋಡಿದವರು, ಎಷ್ಟು ಗಂಭೀರ ಮನುಷ್ಯ ಅಂದುಕೊಳ್ಳುತ್ತಾರೆ. ಗಂಭೀರವೂ ಇಲ್ಲ, ಮಣ್ಣೂ ಇಲ್ಲ. ಆ ಹೊತ್ತಿಗೆ ಅವರು ನಿಮ್ಮ ಅಂಗಿಯ ಗುಂಡಿಗಳು ಒಂದೇ ಸಾಲಿನಲ್ಲಿವೆಯೋ ಇಲ್ಲವೋ ಎಂದು ನೋಡುತ್ತಿರುತ್ತಾರೆ. ಇಲ್ಲದಿದ್ದರೆ ಅವರ ಮುಖ ಸ್ವಲ್ಪ ಅರಳುತ್ತದೆ. ಮೊಸರಲ್ಲಿ ಕಲ್ಲು ಹುಡುಕುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಕಲ್ಲು ಸಿಗದಿದ್ದರೆ ಮೊಸರೇ ಸರಿಯಿಲ್ಲ ಅನ್ನುವವರು ಇವರೊಬ್ಬರೇ.

ಭಾವ ಅಂದರೆ ನನ್ನ ಅಕ್ಕನ ಗಂಡ. ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಸೇರಿದಾಗಿನಿಂದ ನಿವೃತ್ತಿಯಾಗುವವರೆಗೂ ಇನ್‌ಸ್ಪೆಕ್ಟರ್. ಬೇರೆಯವರು ಬೆವರು ಸುರಿಸಿ ಮಾಡಿದ್ದನ್ನು ಕೂತಲ್ಲೇ ಅಳೆಯುವುದು ಅವರ ಉದ್ಯೋಗ. ಅಳತೆ ಸರಿಯಿದ್ದರೆ ಆ ತುಂಡು ಮುಂದಕ್ಕೆ ಹೋಗುತ್ತಿತ್ತು. ಸರಿಯಿಲ್ಲದಿದ್ದರೆ, ತಪ್ಪು ಎಲ್ಲಿದೆಯೋ ಸರಿಯಾಗಿ ಅಲ್ಲೇ ಕೆಂಪು ಬಣ್ಣ ಬಳಿಯಬೇಕು. ಆಮೇಲೆ ಹ್ಯಾಕ್ಸಾ ತೆಗೆದುಕೊಂಡು ಅದನ್ನು ಅರ್ಧಕ್ಕೆ ಕುಯ್ದು ಬಿಸಾಕಬೇಕು, ಯಾರೂ ಬಣ್ಣ ಕೆರೆದು ತೆಗೆದು ಅದನ್ನೇ ಮತ್ತೆ ತಳ್ಳಬಾರದು ಅಂತ. ಕಾರ್ಖಾನೆಯ ನಿಯಮ ಅದು. ಉಳಿದ ಇನ್‌ಸ್ಪೆಕ್ಟರುಗಳು ನಿಯಮ ಅಂತ ಮಾಡುತ್ತಿದ್ದರು, ನಮ್ಮ ಭಾವ ಪ್ರೀತಿಯಿಂದ ಮಾಡುತ್ತಿದ್ದರು. ಅದಕ್ಕೇ ಅಲ್ಲಿನವರು ಅವರಿಗೆ ರಿಜೆಕ್ಟ್ ಅಂತ ಹೆಸರಿಟ್ಟಿದ್ದು. ಆ ಹೆಸರು ಅವರಿಗಿಂತ ಮೊದಲೇ ಸೈಕಲ್ ಹತ್ತಿ ಮನೆಗೆ ಬಂದು ಸೇರಿತ್ತು.

ಮನೆಗೆ ಬಂದರೆ ಕೈಯಲ್ಲಿ ಬಣ್ಣದ ಡಬ್ಬಿ ಇರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ. ಬಾಗಿಲ ಚಿಲಕ ಸಡಿಲ, ಮಡಿಸಿದ ಬಟ್ಟೆಯ ಅಂಚು ಓರೆ, ಗೋಡೆಗೆ ಹಾಕಿದ ಗಡಿಯಾರ ಎಡಕ್ಕೆ. ನಾನು ಇಷ್ಟಪಟ್ಟ ಹುಡುಗನನ್ನು ಮನೆಗೆ ಕರೆತಂದಾಗ ಎಲ್ಲರೂ ಅವನ ಕೆಲಸ, ಸ್ವಭಾವ ವಿಚಾರಿಸಿದರು. ಭಾವ ಮಾತ್ರ ಎದುರಿಗೆ ಕೂತು ಬಹಳ ಹೊತ್ತು ನೋಡಿ, "ಕುತ್ತಿಗೆ ಸ್ವಲ್ಪ ವಾಲಿದೆ" ಅಂದರು. ನಾನು ಅವನನ್ನೇ ಮದುವೆಯಾದೆ. ಕುತ್ತಿಗೆ ವಾಲಿರುವುದು ನಿಜವೇ. ಆದರೆ ಆ ಕುತ್ತಿಗೆ ಇಷ್ಟು ವರ್ಷ ನನ್ನ ಮಾತಿಗೆ ತಲೆ ಆಡಿಸಿಕೊಂಡು ಬಂದಿದೆ. ಅದನ್ನು ಅಳೆಯುವ ಮೈಕ್ರೋಮೀಟರ್ ಭಾವನ ಹತ್ತಿರ ಇರಲಿಲ್ಲ.

ಅಕ್ಕ ಪುಸ್ತಕಗಳಿಗೆ ಬೈಂಡಿಂಗ್ ಮಾಡುತ್ತಾಳೆ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹಾಳೆಗಳ ಕಟ್ಟುಗಳನ್ನು ನಾನು ಹೊಲಿಯುತ್ತೇನೆ. ಬೆನ್ನಿಗೆ ಗೋಂದು ಹಚ್ಚಿ, ಸುತ್ತಿಗೆಯಲ್ಲಿ ತಟ್ಟಿ ದುಂಡು ಮಾಡಿ, ರಟ್ಟು ಅಂಟಿಸಿ, ಪ್ರೆಸ್ಸಿನಲ್ಲಿ ಒತ್ತುವುದು ಅವಳು. ಮುಚ್ಚಿಹೋದ ಒಂದು ಮುದ್ರಣಾಲಯದಿಂದ ತಂದ ಕಬ್ಬಿಣದ ಪ್ರೆಸ್ಸು ಅದು. ಮೇಲೆ ಹಿಡಿಕೆ, ನಡುವೆ ಕೈತೋಳಿನಷ್ಟು ದಪ್ಪದ ಉದ್ದನೆಯ ಸ್ಕ್ರೂ, ಕೆಳಗೆ ಹಲಗೆ. ಹಿಡಿಕೆ ತಿರುಗಿಸಿದರೆ ಸ್ಕ್ರೂ ಚೌಕಟ್ಟಿನ ನಟ್ಟಿನೊಳಗಿಂದ ಇಳಿದು ಹಲಗೆ ಪುಸ್ತಕಗಳ ಮೇಲೆ ಕೂರುತ್ತದೆ. ಅಂಟು ಒಣಗುವವರೆಗೂ ಅದು ಬಿಗಿಯಾಗಿ ಕೂತಿರಬೇಕು. ಕೂರದಿದ್ದರೆ ಪುಸ್ತಕ ಉಬ್ಬಿಕೊಳ್ಳುತ್ತದೆ, ರಟ್ಟು ಬಾಗುತ್ತದೆ, ಬೈಂಡರಿಗೆ ಕೆಟ್ಟ ಹೆಸರು ಬರುತ್ತದೆ.

ಭಾವನ ನಿವೃತ್ತಿ ಹತ್ತಿರ ಬಂದಾಗ ಆ ಸ್ಕ್ರೂ ಜಾರಲು ಶುರುವಾಯಿತು. ಥ್ರೆಡ್, ಅಂದರೆ ಸ್ಕ್ರೂವಿನ ಮೈಮೇಲೆ ಸುತ್ತಿಕೊಂಡ ಏಣು, ಸವೆದು ಚೂಪಾಗಿತ್ತು. ಅಕ್ಕ ಬಿಗಿ ಮಾಡಿ ಬಂದು ಕೂತರೆ, ಸ್ವಲ್ಪ ಹೊತ್ತಿನಲ್ಲೇ ಕಟಕ್ ಅಂತ ಸದ್ದಾಗಿ ಹಲಗೆ ಸಡಿಲವಾಗುತ್ತಿತ್ತು. ಅಕ್ಕ ಹೇಳಿದಾಗ ಭಾವ ಬಂದು ಸ್ಕ್ರೂಗೆ ಉಗುರು ತಾಗಿಸಿ ನೋಡಿ, "ಇದು ಯಾವಾಗಲೋ ರಿಜೆಕ್ಟ್ ಆಗಬೇಕಿತ್ತು" ಅಂದರು. ಅದನ್ನು ಹೇಳಲು ಇನ್‌ಸ್ಪೆಕ್ಟರೇ ಬೇಕಿತ್ತೇ?

"ಹೊಸದು ಮಾಡಿಸಬೇಕಲ್ಲ" ಅಂದಳು ಅಕ್ಕ.

"ಮಾಡಿಸೋದು ಯಾಕೆ? ನಾನೇ ಮಾಡ್ತೀನಿ. ರಿಟೈರ್ ಆಗ್ಲಿ, ನೋಡ್ತಾ ಇರು. ಕೆಲಸ ಅಂದ್ರೆ ಏನು ಅಂತ ತೋರಿಸ್ತೀನಿ."

ನಿವೃತ್ತಿಯಾದ ವಾರವೇ ಲೇತು ಬಂತು. ಕಬ್ಬಿಣವನ್ನು ಗರಗರ ತಿರುಗಿಸುತ್ತಾ ಕಡಿಯುವ ಯಂತ್ರ ಅದು. ಕಾರ್ಖಾನೆಯವರು ಗುಜರಿಗೆ ಹಾಕಿದ್ದ, ಭಾವನಿಗಿಂತ ವಯಸ್ಸಾದ ಲೇತು. ಲಾರಿಯಿಂದ ಇಳಿಸಿ, ಕೆಳಗೆ ಪೈಪು ಹಾಕಿ ಉರುಳಿಸಿಕೊಂಡು ಹಿಂದಿನ ಶೆಡ್ಡಿಗೆ ತಳ್ಳುವಾಗ ಬಾಗಿಲ ಚೌಕಟ್ಟು ಮುರಿಯಿತು. ಮೈತುಂಬ ಕಪ್ಪು ಜಿಡ್ಡು, ಸಂದಿಗಳಲ್ಲಿ ಕಬ್ಬಿಣದ ಚೂರು, ಹಿಡಿಕೆಗಳು ಕೈ ತಾಗಿ ಸವೆದು ಕನ್ನಡಿಯಾಗಿದ್ದವು. ಅದರ ಮೇಲೆ ದುಡಿದಿದ್ದ ಟರ್ನರು ಭಾವನ ಜೊತೆಗೇ ನಿವೃತ್ತನಾದವನು. ಭಾವ ಅತಿ ಹೆಚ್ಚು ಕೆಂಪು ಬಳಿದದ್ದು ಅವನ ಕೆಲಸಕ್ಕೇ ಅಂತೆ. "ತಪ್ಪು ಮೆಷಿನ್‌ದಲ್ಲ, ಅವನ ಕೈದು" ಅಂತ ಭಾವ ಲೇತಿನ ಬೆನ್ನು ಸವರಿದರು. ಅಕ್ಕನ ಬೆನ್ನನ್ನು ಹಾಗೆ ಸವರಿದ್ದನ್ನು ನಾನಂತೂ ಕಂಡಿಲ್ಲ.

ಯಾರೇ ಆಗಲಿ ಏನು ಮಾಡುತ್ತಿದ್ದರು? ಜಿಡ್ಡು ತೊಳೆದು, ಎಣ್ಣೆ ಬಿಟ್ಟು, ಬೆಲ್ಟು ಹಾಕಿ, ಒಂದು ತುಂಡು ಕಬ್ಬಿಣ ಕಟ್ಟಿ ತಿರುಗಿಸಿ ನೋಡುತ್ತಿದ್ದರು. ಭಾವ ಮೊದಲು ಶೆಡ್ಡಿನ ನೆಲ ಒಡೆದರು. ನೆಲ ಸಮ ಇಲ್ಲವಂತೆ. ಹೊಸ ಕಾಂಕ್ರೀಟು ಹಾಕಿ, ಅದು ಒಣಗಲು ಕಾದು, ಅದೂ ಸಮ ಇಲ್ಲ ಅಂತ ಅದನ್ನೂ ಒಡೆದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರು ಅನ್ನುತ್ತಾರೆ. ಇವರು ಕುಲಾವಿ ಹೊಲಿದು, ಬಿಚ್ಚಿ, ಮತ್ತೆ ಹೊಲಿಯುತ್ತಾ ಕೂತರು.

ನೆಲ ಮುಗಿದ ಮೇಲೆ ರಸಮಟ್ಟ. ಗಾರೆ ಕೆಲಸದವರ ಹತ್ತಿರ ಇರುವಂಥದ್ದಲ್ಲ, ಕಾಗದದ ಎಳೆಯಷ್ಟು ಎತ್ತರಕ್ಕೂ ಒಳಗಿನ ಗುಳ್ಳೆ ಓಡಿಬಿಡುವಂಥದ್ದು. ಅದನ್ನು ಲೇತಿನ ಬೆಡ್ ಮೇಲೆ, ಅಂದರೆ ಎಲ್ಲವೂ ಜಾರಾಡುವ ಆ ಉದ್ದನೆಯ ಕಬ್ಬಿಣದ ಹಾಸಿನ ಮೇಲೆ ಇಟ್ಟುಕೊಂಡು ಭಾವ ಮೂಗು ತಾಗಿಸಿ ಕೂತಿರುತ್ತಿದ್ದರು. ಒಂದು ಬೆಳಿಗ್ಗೆ ಅಕ್ಕ ಪುಸ್ತಕದ ಬೆನ್ನು ತಟ್ಟುತ್ತಿದ್ದಾಗ ಅಂಗಡಿಗೆ ಬಂದು ನಿಂತರು.

"ಸುತ್ತಿಗೆ ನಿಲ್ಲಿಸು. ಗುಳ್ಳೆ ನಡುಗ್ತಾ ಇದೆ."

"ಯಾವ ಗುಳ್ಳೆ?" ಅಕ್ಕನಿಗೆ ಗಾಬರಿ.

"ರಸಮಟ್ಟದ್ದು. ನೀನು ಇಲ್ಲಿ ಕುಟ್ಟಿದ್ರೆ ಅಲ್ಲಿ ಅದು ನಿಲ್ಲಲ್ಲ."

"ಭಾವ, ಗುಳ್ಳೆಗೆ ಅಷ್ಟು ಭಯ ಆದ್ರೆ ಒಂದು ಹೊದಿಕೆ ಹೊದಿಸಿ ಮಲಗಿಸಿ" ಅಂದೆ.

ಅವರು ನನ್ನ ಕಡೆ ನೋಡಿದರು. ನನ್ನನ್ನು ಅವರು ಎಂದೋ ರಿಜೆಕ್ಟ್ ಮಾಡಿಯಾಗಿತ್ತು, ಹೊಸದಾಗಿ ಬಣ್ಣ ಖರ್ಚು ಮಾಡಲಿಲ್ಲ. ಅಕ್ಕ ಮಾತ್ರ ಸುತ್ತಿಗೆ ಕೆಳಗಿಟ್ಟಳು. ಆ ದಿನದಿಂದ ಭಾವ ಊಟಕ್ಕೆ ಎದ್ದಾಗ, ಸ್ನಾನಕ್ಕೆ ಹೋದಾಗ ಅವಳು ಓಡೋಡಿ ಬಂದು ಪುಸ್ತಕ ತಟ್ಟುವುದು. ದುಡಿಯುವ ಹೆಂಗಸು ತನ್ನ ಮನೆಯಲ್ಲೇ ಕಳ್ಳಿಯ ಹಾಗೆ ಸುತ್ತಿಗೆ ಎತ್ತಬೇಕಾಯಿತು. ನನಗೆ ಮೈಯೆಲ್ಲ ಉರಿಯಿತು. "ನೀನು ಸುಮ್ಮನಿರೋದಕ್ಕೇ ಅವರು ಹೀಗಾಡೋದು" ಅಂದರೆ ಅಕ್ಕ, "ಸ್ಕ್ರೂ ಒಂದು ಮಾಡಿಕೊಡ್ಲಿ ಬಿಡೇ" ಅನ್ನುತ್ತಿದ್ದಳು.

ಆಮೇಲೆ ಶುರುವಾಯಿತು ನೋಡಿ ನೀಲಿ ಪುರಾಣ. ಹಳೆಯ ಬೆಡ್ಡು ಅಲ್ಲಲ್ಲಿ ಸವೆದಿರುತ್ತದೆ. ನೆಟ್ಟಗಿರುವ ಒಂದು ಪಟ್ಟಿಗೆ ನೀಲಿ ಬಣ್ಣದ ಜಿಡ್ಡು ಹಚ್ಚಿ ಬೆಡ್ ಮೇಲೆ ಉಜ್ಜಿದರೆ, ಉಬ್ಬಿರುವ ಜಾಗಕ್ಕೆ ಮಾತ್ರ ನೀಲಿ ಹತ್ತುತ್ತದೆ. ಅದನ್ನು ಸ್ಕ್ರೇಪರಿನಿಂದ, ತುರಿಯುವ ಹಾಗೆ, ಕೈಯಲ್ಲೇ ಕೆರೆಯಬೇಕು. ಮತ್ತೆ ನೀಲಿ, ಮತ್ತೆ ಕೆರೆತ. ಸಮವಾಗುವವರೆಗೂ ಇದೇ. ಸಮವಾಯಿತು ಅಂತ ಯಾರು ಹೇಳಬೇಕು? ನಮ್ಮ ಭಾವ. ಅವರ ಬಾಯಲ್ಲಿ ಆ ಮಾತು ಬರಬೇಕಾದರೆ ಎತ್ತು ಕರು ಹಾಕಬೇಕು. ಬೆಡ್ಡನ್ನು ಕೆರೆದರು, ಅದರ ಮೇಲೆ ಕಡಿಯುವ ಟೂಲನ್ನು ಹೊತ್ತು ಓಡಾಡುವ ಸ್ಯಾಡಲ್ಲಿನ ತಳ ಕೆರೆದರು, ಮತ್ತೆ ಬೆಡ್ಡು, ಮತ್ತೆ ಸ್ಯಾಡಲ್ಲು. ಶೆಡ್ಡಿನಿಂದ ಕರ್ ಕರ್ ಸದ್ದು ನಿಲ್ಲಲೇ ಇಲ್ಲ. ನೀಲಿ ಮನೆಯನ್ನೆಲ್ಲ ಹತ್ತಿತು. ಬಾಗಿಲ ಹಿಡಿ ನೀಲಿ, ಸಾಬೂನು ನೀಲಿ, ದಿಂಬು ನೀಲಿ. ಒಮ್ಮೆ ನನ್ನ ಗಂಡ ಬಂದು ಹೋದ ಮೇಲೆ ಅವನ ವಾಲಿದ ಕುತ್ತಿಗೆಯೂ ನೀಲಿ.

ಅಷ್ಟರಲ್ಲಿ ಅಂಗಡಿಗೆ ಗ್ರಂಥಾಲಯದ ಮೇಡಂ ಬಂದರು. ನಮ್ಮ ಅಂಗಡಿ ನಡೆಯುವುದೇ ಗ್ರಂಥಾಲಯದ ಕೆಲಸದಿಂದ. ಕೈಯಲ್ಲಿ ನಾವೇ ಕಟ್ಟಿಕೊಟ್ಟ ಒಂದು ದಪ್ಪ ಪುಸ್ತಕ. ಮೇಜಿನ ಮೇಲೆ ಇಟ್ಟರೆ ರಟ್ಟು ಬಾಯಿ ತೆರೆದುಕೊಂಡೇ ಇತ್ತು. ಒಳಗೆ, ಪುಟದ ಅಂಚಿನಲ್ಲಿ, ಒಂದು ನೀಲಿ ಹೆಬ್ಬೆರಳು.

"ಇದೇನಮ್ಮ, ಮೊದಲೆಲ್ಲ ಎಷ್ಟು ಚೆನ್ನಾಗಿ ಮಾಡ್ತಿದ್ರಿ!" ಅವರಿಗೆ ಕೋಪಕ್ಕಿಂತ ಬೇಸರವೇ ಹೆಚ್ಚು. "ಇನ್ನೊಂದು ಕಟ್ಟು ಕಳಿಸ್ತೀನಿ. ಅದೂ ಹೀಗೇ ಉಬ್ಬಿಕೊಂಡು ಬಂದ್ರೆ, ಬೇರೆಯವರಿಗೆ ಕೊಡದೆ ನನಗೆ ದಾರಿಯಿಲ್ಲ."

ಅವರು ಹೋದ ಮೇಲೆ ಅಕ್ಕ ಆ ಪುಸ್ತಕವನ್ನು ಮಡಿಲಲ್ಲಿ ಇಟ್ಟುಕೊಂಡು, ಉಬ್ಬಿದ ರಟ್ಟನ್ನು ಅಂಗೈಯಿಂದ ಒತ್ತುತ್ತಾ ಕೂತಳು. ಕೈ ತೆಗೆದರೆ ಅದು ಮತ್ತೆ ಏಳುತ್ತಿತ್ತು. ಅವಳು ಅಂಗಡಿಗೆ ಬಂದವರೊಂದಿಗೆ ಜಗಳವಾಡಿದವಳಲ್ಲ, ಕೆಲಸ ಕೊಡಿ ಅಂತ ಯಾರ ಮನೆ ಬಾಗಿಲಿಗೂ ಹೋದವಳಲ್ಲ. ಅವಳ ಕೆಲಸ ನೋಡಿಯೇ ಜನ ಬರುತ್ತಿದ್ದರು. ಈಗ ಅದೂ ಹೋಗುವುದರಲ್ಲಿತ್ತು. ಹಿಂದಿನಿಂದ ಕರ್ ಕರ್ ಕೇಳುತ್ತಲೇ ಇತ್ತು.

ಮಾರನೆಯ ದಿನ ಅಕ್ಕ ಹಳೆಯ ಸ್ಕ್ರೂವನ್ನು ಚೀಲಕ್ಕೆ ಹಾಕಿಕೊಂಡು, ಭಾವನಿಗೆ ಹೇಳದೆ ಹೊರಟಳು. ನಾನೂ ಜೊತೆಗೆ ಹೋದೆ. ವರ್ಕ್‌ಶಾಪಿನವರೆಲ್ಲ ಈಗ ಹೊಸ ಮೆಷಿನ್ನುಗಳ ರಾಜರು. "ಒಂದೇ ಒಂದು ಪೀಸಾ? ಅದೂ ಇಂಥ ಹಳೇ ಥ್ರೆಡ್ಡಾ?" ಅಂತ ಸ್ಕ್ರೂವನ್ನು ಸತ್ತ ಹಾವಿನಂತೆ ಎತ್ತಿ ನೋಡಿ ವಾಪಸು ಕೊಟ್ಟರು. ಕೊನೆಗೆ ಆ ನಿವೃತ್ತ ಟರ್ನರನ ಮನೆಗೇ ಹೋದೆವು. ಹೊಟ್ಟೆ ಮುಂದೆ ಬಿಟ್ಟುಕೊಂಡು ಜಗುಲಿಯಲ್ಲಿ ಕೂತಿದ್ದ.

"ಇಂಥವು ಎಷ್ಟು ಮಾಡಿಲ್ಲ ನಾನು! ಎಡಗೈಲಿ ಮಾಡ್ತೀನಿ" ಅಂದ. "ಆದ್ರೆ ಯಾವುದ್ರಲ್ಲಿ ಮಾಡ್ಲಿ ತಾಯೀ? ನನ್ನ ಲೇತು ನಿಮ್ಮ ಶೆಡ್ಡಲ್ಲೇ ಇದೆಯಲ್ಲ! ಅದಕ್ಕೆ ಸಾರ್ ಇನ್ನೂ ಸ್ನಾನ ಮಾಡಿಸ್ತಾನೇ ಇದಾರಂತೆ?"

ಹೊಟ್ಟೆ ಕುಣಿಯುವಷ್ಟು ನಕ್ಕ. ಅಕ್ಕ ನಗಲಿಲ್ಲ.

ಗ್ರಂಥಾಲಯದ ಹೊಸ ಕಟ್ಟು ಬಂದು ಅಂಗಡಿಯಲ್ಲಿ ಕೂತ ಹೊತ್ತಿಗೆ ಭಾವನ ಕರ್ ಕರ್ ನಿಂತಿತು. ನಮ್ಮನ್ನು ಶೆಡ್ಡಿಗೆ ಕರೆದರು. ಸ್ಯಾಡಲ್ ಮೇಲೆ ಒಂದು ಡಯಲ್ ಗೇಜು, ಅದರಲ್ಲಿ ಕೂದಲೆಳೆಯಷ್ಟು ಏರುತಗ್ಗಿದ್ದರೂ ಅಲ್ಲಾಡುವ ಒಂದು ಮುಳ್ಳು. ಸ್ಯಾಡಲ್ಲನ್ನು ಈ ತುದಿಯಿಂದ ಆ ತುದಿಗೆ ತಳ್ಳಿದರು. ಮುಳ್ಳು ಅಲ್ಲಾಡಲಿಲ್ಲ. "ನೋಡಿದ್ರಾ?" ಅಂದರು. ಅಲ್ಲಾಡದ ಮುಳ್ಳನ್ನು ನೋಡಲು ನಮ್ಮನ್ನು ಕೆಲಸ ಬಿಡಿಸಿ ಕರೆದ ಮಹಾನುಭಾವರು. ಆದರೂ ಹೇಳಲೇಬೇಕು, ಆ ಬೆಡ್ಡು ನೀರು ನಿಂತ ಹಾಗೆ ಹೊಳೆಯುತ್ತಿತ್ತು. ಕೆರೆದ ಗುರುತುಗಳು ಸಾಲಾಗಿ, ಒತ್ತೊತ್ತಾಗಿ, ಚೆಂದವಾಗಿದ್ದವು.

"ಸರಿ, ಇನ್ನು ಸ್ಕ್ರೂ" ಅಂದಳು ಅಕ್ಕ.

ಥ್ರೆಡ್ ಕಡಿಯಬೇಕಾದರೆ ಸ್ಯಾಡಲ್ ತಾನಾಗಿ ಓಡಬೇಕು. ಅದನ್ನು ಎಳೆಯಲು ಲೇತಿನ ಮುಂಭಾಗದಲ್ಲಿ ಉದ್ದಕ್ಕೂ ಒಂದು ಲೀಡ್ ಸ್ಕ್ರೂ ಇರುತ್ತದೆ. ಸ್ಯಾಡಲ್ಲಿಗೆ ತಗುಲಿಕೊಂಡ ಎರಡು ಹೋಳಿನ ನಟ್ಟು ಅದನ್ನು ಬಾಯಿ ಮುಚ್ಚಿದಂತೆ ಕಚ್ಚಿ ಹಿಡಿಯುತ್ತದೆ. ಭಾವ ಮೋಟರು ಹಾಕಿ, ಹಿಡಿಕೆ ಒತ್ತಿ ನಟ್ಟು ಮುಚ್ಚಿದರು. ಲೀಡ್ ಸ್ಕ್ರೂ ನಡು ಬಾಗಿ ನರಳಿತು. ಬೆಲ್ಟು ಕಿರುಚಿತು. ಎಲ್ಲ ನಿಂತುಹೋಯಿತು.

ಕೆಳಗೆ ಬಗ್ಗಿ ನೋಡಿದರು. ಟಾರ್ಚು ಹಾಕಿ ನೋಡಿದರು. ಕೆರೆದೂ ಕೆರೆದೂ ಬೆಡ್ಡೂ ಸ್ಯಾಡಲ್ಲೂ ತೆಳ್ಳಗಾಗಿ, ಸ್ಯಾಡಲ್ ಇದ್ದ ಜಾಗಕ್ಕಿಂತ ಕೆಳಗೆ ಕುಸಿದಿತ್ತು. ಅದರ ಜೊತೆ ನಟ್ಟೂ ಇಳಿದಿತ್ತು. ಲೀಡ್ ಸ್ಕ್ರೂ ಮಾತ್ರ ಮೊದಲಿದ್ದಲ್ಲೇ ಇತ್ತು. ಹೀಗಾಗಿ ನಟ್ಟಿನ ಬಾಯಿಗೆ ಸ್ಕ್ರೂ ನೇರವಾಗಿ ಸಿಗದು. ಕೆಲಸ ಮಾಡುವವನಾಗಿದ್ದರೆ ನಡುನಡುವೆ ನಟ್ಟು ಮುಚ್ಚಿ ನೋಡಿರುತ್ತಿದ್ದ. ಇವರಿಗೆ ಮುಳ್ಳು ನೋಡುವುದರಲ್ಲೇ ಕಾಲ ಹೋಗಿತ್ತು. ಇಡೀ ಊರಿಗೇ ನೆಟ್ಟಗಿರುವ ಲೇತು ಈಗ ಒಂದೇ ಒಂದು ಸ್ಕ್ರೂ ಕಡಿಯಲಾರದ ಲೇತು.

ಭಾವ ಎದ್ದು ನಿಂತು ಸುತ್ತ ನೋಡಿ, "ಕಾಂಕ್ರೀಟ್ ಕುಸಿದಿರಬೇಕು" ಅಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಗಾದೆ ನನ್ನ ನಾಲಿಗೆ ತುದಿಗೆ ಬಂತು. ಅಕ್ಕನ ಮುಖ ನೋಡಿ ನುಂಗಿಕೊಂಡೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ವಾಪಸು ಬಂದಾಗ ಜೊತೆಗೆ ಟರ್ನರಿದ್ದ.

ಆ ಮನುಷ್ಯನ ಸಂಭ್ರಮ ಏನು ಹೇಳಲಿ! ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಲೇತನ್ನು ಒಂದು ಸುತ್ತು ಹಾಕಿ, ಬಗ್ಗಿ ನೋಡಿ, ಹೊಟ್ಟೆ ಹಿಡಿದುಕೊಂಡ. "ಏನ್ ಸಾರ್ ಇದು! ಗಣಪತಿ ಮಾಡಕ್ಕೆ ಹೋಗಿ ಅವರಪ್ಪನ್ನ ಮಾಡಿಟ್ಟಿದೀರಲ್ಲ! ಅಲ್ಲ ಸಾರ್, ನಾನು ಕೂದಲೆಳೆಯಷ್ಟು ಜಾಸ್ತಿ ಕಡಿದ್ರೆ ಕೆಂಪು ಬಳೀತಿದ್ರಿ. ಈಗ ಇದಕ್ಕೆ ಎಲ್ಲಿ ಬಳೀಲಿ?"

ಭಾವ ಗೋಡೆ ನೋಡುತ್ತಾ ನಿಂತರು. ನನಗೆ ಸಿಹಿ ತಿಂದಷ್ಟು ಹಿತವಾಯಿತು. ಸುಳ್ಳು ಹೇಳುವುದಿಲ್ಲ.

ಉಪಾಯ ದೊಡ್ಡದೇನಲ್ಲ. ಸ್ಯಾಡಲ್ ಎಷ್ಟು ಕುಸಿದಿದೆಯೋ ಅಷ್ಟು ದಪ್ಪದ ಫೈಬರ್ ಪಟ್ಟಿಗಳನ್ನು ಅದರ ತಳಕ್ಕೆ ಅಂಟಿಸಿ ಮೇಲೆತ್ತುವುದು. ಎಷ್ಟು ದಪ್ಪ ಅಂತ ಟರ್ನರು ಕಣ್ಣಂದಾಜಿನಲ್ಲಿ ಹೇಳಿದ. ಭಾವ ಅಳೆದು ನೋಡಿ ತಪ್ಪು ಅಂದರು. ಮತ್ತೆ ಅಳೆದಾಗ ತಪ್ಪೇ ಆಗಿತ್ತು. ಟರ್ನರು ಹೇಳಿದಷ್ಟು ಹಾಕಿದ್ದರೆ ಸ್ಯಾಡಲ್ ಹಂಸದ ಹಾಗೆ ಕುತ್ತಿಗೆ ಎತ್ತುತ್ತಿತ್ತು. ಜಂಬಗಾರರಿಬ್ಬರೂ ಬೈದಾಡಿಕೊಂಡೇ ಪಟ್ಟಿ ಕತ್ತರಿಸಿದರು, ಅಂಟಿಸಿದರು, ಕೂರಿಸಿದರು. ನಟ್ಟು ಮುಚ್ಚಿದಾಗ ಟಪ್ ಅಂತ ಕಚ್ಚಿಕೊಂಡು ಸ್ಯಾಡಲ್ ಓಡಿತು.

"ಸಾರ್, ಒಂದು ಆಸೆ" ಅಂದ ಟರ್ನರು, ಕೈ ಒರೆಸಿಕೊಳ್ಳುತ್ತಾ. "ನನ್ನ ಸರ್ವೀಸಲ್ಲಿ ನಿಮ್ಮ ಬಾಯಿಂದ ಪಾಸ್ ಅನ್ನೋ ಮಾತು ಕೇಳಿಲ್ಲ. ತಪ್ಪಿಲ್ದಿದ್ರೆ ಸುಮ್ಮನೆ ಮುಂದಕ್ಕೆ ತಳ್ಳಿಬಿಡ್ತಿದ್ರಿ. ಈಗ ಅನ್ನಿ ನೋಡೋಣ."

ಭಾವ ಪಟ್ಟಿಯ ಅಂಚಿಗೆ ಫೀಲರ್ ಗೇಜು, ಅಂದರೆ ಸಂದಿ ಅಳೆಯುವ ಉಕ್ಕಿನ ತೆಳು ಎಲೆ, ತೂರಿಸಲು ನೋಡಿದರು. ತೂರಲಿಲ್ಲ. ಇನ್ನೂ ತೆಳ್ಳಗಿನ ಎಲೆ ತೆಗೆದು ನೋಡಿದರು. ಅದೂ ತೂರಲಿಲ್ಲ. ಗಂಟಲು ಸರಿ ಮಾಡಿಕೊಂಡು, "ಪರವಾಗಿಲ್ಲ" ಅಂದರು.

ಟರ್ನರನ ಕಣ್ಣು ಒದ್ದೆಯಾಯಿತು ಅಂದರೆ ನೀವು ನಂಬಬೇಕು. ಖುಷಿಗೆ ಮನೆಗೆ ಹೋಗಿ ಒಂದು ಸ್ಟೆಡಿ ತಂದ. ಉದ್ದ ಕಂಬಿಯನ್ನು ತಿರುಗಿಸುವಾಗ ನಡು ಬಾಗದಂತೆ ಹಿಂದಿನಿಂದ ಆತುಕೊಳ್ಳುವ ಸಾಧನ ಅದು. ಭಾವ ಕಂಬಿ ಹಿಡಿಯುವ ಅದರ ಬೆರಳುಗಳನ್ನು ತಿರುಗಿಸಿ ನೋಡಿ, "ಸವೆದಿದೆ, ಬೇಡ" ಅಂತ ವಾಪಸು ಕೊಟ್ಟರು.

"ಉದ್ದ ಕಂಬಿ ಸಾರ್. ಟೂಲು ತಳ್ಳಿದ್ರೆ ನಡುವೆ ಬಾಗುತ್ತೆ. ಅಲ್ಲಿ ಕಡಿಮೆ ಕಡಿಯುತ್ತೆ, ದಪ್ಪ ಉಳಿಯುತ್ತೆ."

"ನನಗೆ ಗೊತ್ತು."

"ಗೊತ್ತಿರೋದು ಗೊತ್ತು ಸಾರ್. ಅದೇ ತೊಂದರೆ" ಅಂತ ಹೇಳಿ ಟರ್ನರು ಸ್ಟೆಡಿ ಹೆಗಲಿಗೇರಿಸಿಕೊಂಡು ಹೋದ. ಒಂದು ಗಳಿಗೆ ಮುಂಚೆ ಒದ್ದೆಯಾಗಿದ್ದ ಕಣ್ಣು ಕೆಂಡವಾಗಿತ್ತು.

ಇನ್ನಾದರೂ ಕೆಲಸ ಶುರುವಾಗುತ್ತದೆ ಅಂದುಕೊಂಡೆವು. ಇಲ್ಲ. ಭಾವ ಬೆಡ್ಡು ಒರೆಸಿದರು. ಎಣ್ಣೆ ಬಿಟ್ಟರು. ಟೂಲಿಗೆ ಸಾಣೆ ಹಿಡಿದರು, ಮತ್ತೆ ಹಿಡಿದರು. ಕಬ್ಬಿಣದ ಕಂಬಿಯನ್ನು ಕಟ್ಟಿದರು, ಬಿಚ್ಚಿದರು, ಕಟ್ಟಿದರು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಆಗ ತಟ್ಟನೆ ಹೊಳೆಯಿತು. ಈ ಮನುಷ್ಯನಿಗೆ ಭಯ. ತರಬೇತಿಯ ದಿನಗಳನ್ನು ಬಿಟ್ಟರೆ ಇವರು ತಮ್ಮ ಕೈಯಿಂದ ಒಂದು ವಸ್ತುವನ್ನೂ ಮಾಡಿದವರಲ್ಲ. ಮಾಡಿದರೆ ಅದನ್ನು ಅಳೆಯಬೇಕು. ಅಳೆಯುವವರು ಯಾರು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಇಷ್ಟು ದಿನದ ನೆಲ, ಗುಳ್ಳೆ, ನೀಲಿ ಎಲ್ಲವೂ ಆ ಒಂದು ಗಳಿಗೆಯನ್ನು ಮುಂದೂಡುವುದಕ್ಕೆ. ಹೇಡಿ ಅಂತ ಬೈದುಕೊಂಡೆ. ಅದರ ಹಿಂದೆಯೇ ಪಾಪ ಅಂತಲೂ ಅನ್ನಿಸಿತು. ಅದಕ್ಕೆ ಇನ್ನಷ್ಟು ಸಿಟ್ಟು ಬಂತು.

ಅಕ್ಕ ಒಳಗೆ ಬಂದು ಅವರ ಪಕ್ಕ ನಿಂತಳು. "ರೀ, ಗ್ರಂಥಾಲಯದ್ದು ಹೊಲಿದು ಮುಗೀತು. ನಾಳೆ ಅಂಟು ಹಚ್ಚಲೇಬೇಕು. ಹಚ್ಚಿದ ಮೇಲೆ ಒತ್ತಲೇಬೇಕು. ಇದು ಹೋದ್ರೆ ನಾನು ಅಂಗಡಿ ಮುಚ್ಚೋದೇ" ಅಂದಳು. ಅಷ್ಟೇ ಹೇಳಿ, ಹೋಗದೆ, ಒಂದು ಡಬ್ಬಿಯ ಮೇಲೆ ಕೂತುಬಿಟ್ಟಳು.

ಭಾವ ಮೋಟರು ಹಾಕಿದರು.

ಟೂಲು ಕಂಬಿಗೆ ತಾಗಿದಾಗ ಎಳೆಯಂಥ ಕಬ್ಬಿಣದ ಸುರುಳಿಯೊಂದು ಎದ್ದು ಬಂದು ಅವರ ಮುಂಗೈ ಮೇಲೆ ಬಿತ್ತು. ಬಿಸಿಯಿದ್ದಿರಬೇಕು, ಅವರು ಕೊಡವಲಿಲ್ಲ. ಸ್ವಲ್ಪ ಆಳ, ವಾಪಸು, ಇನ್ನು ಸ್ವಲ್ಪ ಆಳ, ವಾಪಸು. ಮಧ್ಯಾಹ್ನದ ಊಟಕ್ಕೆ ಕರೆದರೆ ಕೇಳಿಸಲಿಲ್ಲ. ಹಣೆಯ ಬೆವರು ಮೂಗಿನಿಂದ ಬೆಡ್ ಮೇಲೆ ತೊಟ್ಟಿಕ್ಕಿತು, ಅದನ್ನೂ ಒರೆಸಲಿಲ್ಲ. ಥ್ರೆಡ್ಡು ಆಳವಾಗಿ, ಚೌಕವಾಗಿ ಮೂಡುತ್ತಾ ಬಂತು. ಯಾವುದೋ ಹಳೆಯ ಹಾಡನ್ನು ಅವರು ಮೂಗಿನಲ್ಲೇ ಗುನುಗುತ್ತಿದ್ದರು. ಭಾವ ಹಾಡು ಗುನುಗುವುದನ್ನು ನಾನು ಅವತ್ತೇ ಕೇಳಿದ್ದು. ಶ್ರುತಿ ಸರಿಯಿರಲಿಲ್ಲ, ಆ ಮಾತು ಬೇರೆ. ಅಕ್ಕ ಡಬ್ಬಿಯ ಮೇಲಿಂದ ಅವರ ಬೆನ್ನನ್ನೇ ನೋಡುತ್ತಾ ಕೂತಿದ್ದಳು. ಎಷ್ಟೋ ವರ್ಷ ಹಿಂದೆ ಈ ಮನುಷ್ಯನನ್ನು ಯಾಕೆ ಒಪ್ಪಿದ್ದಳು ಅಂತ ಆ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಸಂಜೆಗೆ ಸ್ಕ್ರೂ ಬಿಚ್ಚಿ ತೊಳೆದು ಮೇಜಿನ ಮೇಲೆ ಇಟ್ಟರು. ಹಳೆಯದರ ಪಕ್ಕ ಅದು ಮದುಮಗನ ಹಾಗಿತ್ತು. ಅಕ್ಕ ಎತ್ತಿಕೊಳ್ಳಲು ಕೈ ಚಾಚಿದಳು.

"ತಾಳು" ಅಂದರು ಭಾವ. ಮೈಕ್ರೋಮೀಟರ್ ತೆಗೆದರು.

ಒಂದು ತುದಿ ಅಳೆದರು. ಸರಿ. ಇನ್ನೊಂದು ತುದಿ. ಸರಿ. ನಡುವೆ ಅಳೆದರು. ಮತ್ತೆ ಅಳೆದರು. ಮೈಕ್ರೋಮೀಟರ್ ಒರೆಸಿ ಮತ್ತೂ ಒಮ್ಮೆ ಅಳೆದರು. ನಡುವೆ ದಪ್ಪ ಉಳಿದಿತ್ತು. ತಪ್ಪು ಸಿಕ್ಕಿತ್ತು. ಮುಖ ಮಾತ್ರ ಅರಳಲಿಲ್ಲ. ಕಪಾಟಿನ ಹಿಂದಿನಿಂದ ಅವರು ಒಂದು ಚಿಕ್ಕ ಡಬ್ಬಿ ತೆಗೆದರು. ಕಾರ್ಖಾನೆಯ ಕೆಂಪು ಬಣ್ಣವನ್ನು ಮನೆಗೆ ತಂದು ಇಟ್ಟುಕೊಂಡಿದ್ದರು! ಕುಂಚ ಅದ್ದಿ, ಸ್ಕ್ರೂವಿನ ನಡುವಿಗೆ, ದಪ್ಪ ಇದ್ದ ಜಾಗಕ್ಕೆ, ಸುತ್ತಲೂ ಒಂದು ಪಟ್ಟೆ ಎಳೆದರು. ಆಮೇಲೆ ಗೋಡೆಯಿಂದ ಹ್ಯಾಕ್ಸಾ ಇಳಿಸಿದರು.

"ಭಾವ, ನಿಮಗೇನು ತಲೆ ಕೆಟ್ಟಿದೆಯಾ?" ಅಂತ ನಾನು ಕೂಗಿದೆ.

"ರಿಜೆಕ್ಟ್ ಅಂದ್ರೆ ರಿಜೆಕ್ಟ್. ನಾನು ಮಾಡಿದ್ದು ಅಂತ ಬಿಟ್ರೆ, ಇಷ್ಟು ವರ್ಷ ಬೇರೆಯವರದ್ದು ಕುಯ್ದಿದ್ದಕ್ಕೆ ಏನರ್ಥ?"

ಅವರ ಬ್ಲೇಡು ಸ್ಕ್ರೂಗೆ ತಾಗುವ ಮುಂಚೆ ಅಕ್ಕ ಅದನ್ನು ಎಳೆದು ಎದೆಗೆ ಅವಚಿಕೊಂಡಳು. ಹಸಿ ಬಣ್ಣ ಅವಳ ಸೆರಗಿಗೆ ಬಳಿಯಿತು.

"ಕೊಡು ಇಲ್ಲಿ."

"ಕೊಡಲ್ಲ."

ಅಕ್ಕ ಅವರಿಗೆ ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮದುವೆಯಾದಾಗಿಂದ ನನ್ನ ಕೆಲಸಕ್ಕೆಲ್ಲ ಬಣ್ಣ ಬಳಿದ್ರಿ. ಮೂಲೆ ಸರಿಯಿಲ್ಲ, ಅಂಚು ಸರಿಯಿಲ್ಲ ಅಂದ್ರಿ. ಬಳಿದ್ರೂ ನಾನು ನಿಲ್ಲಲಿಲ್ಲ, ಮನೆ ನಡೀತು, ಅಂಗಡಿ ನಡೀತು. ಇದೂ ನಡಿಯುತ್ತೆ. ಹ್ಯಾಕ್ಸಾ ಕೆಳಗಿಡಿ."

ಹೇಳಿ, ಸ್ಕ್ರೂ ಎತ್ತಿಕೊಂಡು ಅಂಗಡಿಗೆ ನಡೆದಳು. ಭಾವ ಹ್ಯಾಕ್ಸಾ ಹಿಡಿದುಕೊಂಡೇ ನಿಂತಿದ್ದರು.

ಅಂಟು ಹಚ್ಚಿದ ಪುಸ್ತಕಗಳನ್ನು ಮಾರನೆಯ ದಿನ ಅಕ್ಕ ಪ್ರೆಸ್ಸಿನಲ್ಲಿ ಜೋಡಿಸಿ ಹಿಡಿಕೆ ತಿರುಗಿಸುತ್ತಿದ್ದಾಗ ಭಾವ ಅಂಗಡಿಯ ಬಾಗಿಲಲ್ಲಿ ಕಾಣಿಸಿಕೊಂಡರು. ಕೈಯಲ್ಲಿ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆ. ಯಾರನ್ನೂ ನೋಡದೆ ಪ್ರೆಸ್ಸಿನ ಹತ್ತಿರ ಬಂದು, ಬಗ್ಗಿ, ಆ ಕೆಂಪು ಪಟ್ಟೆಯನ್ನು ಉಜ್ಜತೊಡಗಿದರು. ಬಣ್ಣ ಒಣಗಿ ಥ್ರೆಡ್ಡಿನ ಸಂದಿಗಳಿಗೆ ಇಳಿದಿತ್ತು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಕಾರ್ಖಾನೆಯವರು ಹೋಗದ ಬಣ್ಣವನ್ನೇ ಆರಿಸಿರುತ್ತಾರಲ್ಲ. ಕೊನೆಗೆ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದರು.

"ನಡುವೆ ಬಿಗಿಯಾಗುತ್ತೆ, ಅಲ್ವಾ?" ಅಂತ ಕೇಳಿದರು. ಅವರು ಯಾರನ್ನಾದರೂ ಏನನ್ನಾದರೂ ಹೀಗೆ ಕೇಳಿದ್ದು ನನಗೆ ನೆನಪಿಲ್ಲ.

"ಹೂಂ, ಆಗುತ್ತೆ" ಅಂದಳು ಅಕ್ಕ. ಹಿಡಿಕೆ ತಿರುಗಿಸುತ್ತಲೇ ಇದ್ದಳು. ಸ್ಕ್ರೂ ಇಳಿಯುತ್ತಾ ಕೆಂಪು ಪಟ್ಟೆ ಪ್ರೆಸ್ಸಿನ ನಟ್ಟಿನ ಹತ್ತಿರ ಬಂತು. ಅವಳು ಇನ್ನೊಂದು ಕೈಯನ್ನೂ ಹಿಡಿಕೆಗೆ ಹಾಕಿದಳು. "ಬಣ್ಣ ಇರಲಿ ಬಿಡಿ. ಎರಡು ಕೈ ಹಾಕೋದು ಎಲ್ಲಿ ಅಂತ ಗೊತ್ತಾಗುತ್ತೆ."